ತೊಮಾಬೆಚಿ ಮನೆಯ ಬಂಗುಡೆ

ಹಚಿನೊಹೆ
ಏಪ್ರಿಲ್ 18, 2023

ಕಿಯೊಹಾರು ಅವರಿಗೆ,

ಇಲ್ಲಿ ಸೀಮೆಎಣ್ಣೆಯ ಸ್ಟೋವ್ ಇನ್ನೂ ಎತ್ತಿಟ್ಟಿಲ್ಲ. ನಿಮ್ಮ ಸುಕುಮೊದಲ್ಲಿ ಆಗಲೇ ಫ್ಯಾನು ತಿರುಗುತ್ತಿರಬೇಕು. ತಮ್ಮನೂ ನಾವೂ ದೇಶದ ಎರಡು ತುದಿ ಹಿಡಿದುಕೊಂಡು ಕೂತಿದ್ದೇವೆ ಎಂದು ನಿಮ್ಮ ಅಣ್ಣ ಹೇಳುತ್ತಿದ್ದರು. ನವೆಂಬರಿನಲ್ಲಿ ಅವರ ಕ್ರಿಯೆ ಮುಗಿಸಿ ನೀವು ರೈಲು ಹತ್ತಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಕಾರಣವಿಲ್ಲದೆ ಬರೆಯುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ಈಗ ಒಂದು ಕಾರಣ ಬಂದಿದೆ.

ಭಾನುವಾರ ನಮ್ಮ ಕಟ್ಟಡದ ಸಂಘದ ಸಭೆ ಇತ್ತು. ಜುಲೈ ಒಂದರಿಂದ ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಕಂಪನಿಯ ಇಂಟರ್ನೆಟ್ ಬರುತ್ತದೆ. ಮನೆ ಮನೆಗೂ ಬೇರೆ ತಂತಿ ಇರುವುದಿಲ್ಲ. ನಲವತ್ತೆರಡು ಮನೆಗಳಲ್ಲಿ ನಲವತ್ತೊಂದು ಕೈ ಎದ್ದವು. ನಾನು ಎತ್ತಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ಅಧ್ಯಕ್ಷರಾದ ಅಸಾಮಿಜು ಅವರು ನನ್ನ ಕಡೆ ತಿರುಗಿ, "ನಿಮ್ಮೆಜಮಾನ್ರು ಇದ್ದಿದ್ರೆ ಇಷ್ಟೊತ್ತಿಗೆ ನಮಗೆಲ್ಲ ಪಾಠ ಆಗ್ತಿತ್ತು. ಕಂಪನಿಯವ್ರು ನಿಮ್ಮನ್ನ ನೋಡ್ತಿದಾರೆ, ನೋಡ್ತಿದಾರೆ ಅಂತ. ನನ್ನ ಹೆಂಡ್ತೀನೇ ನನ್ನ ಕಡೆ ನೋಡಿ ಎಷ್ಟು ವರ್ಷ ಆಯ್ತೋ, ಕಂಪನಿಯವ್ರಾದ್ರೂ ನೋಡ್ಲಿ ಬಿಡಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು, ಯಾಕೆ ನಕ್ಕೆ ಎಂದು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಿದ್ದೆ.

ನಾನು ನಿಂತದ್ದು ಆ ಪೆಟ್ಟಿಗೆಯ ಎದುರಿಗೇ. ಅದು ಇನ್ನೂ ಚಪ್ಪಲಿ ಕಪಾಟಿನ ಮೇಲೇ ಇದೆ, ಗುಂಯ್ ಎನ್ನುತ್ತಲೇ ಇದೆ. ಹದಿನೇಳು ವರ್ಷದ ಹಿಂದೆ ನಿಮ್ಮ ಅಣ್ಣ ಊಟಕ್ಕೆ ಕೂತಾಗ, "ಮನೇಲೇ ಒಂದು ಸಬಾ ಇಡ್ತೀನಿ" ಅಂದರು. ಸರ್ವರ್ ಎನ್ನುವುದನ್ನು ಅವರ ಬಳಗದವರು ಕತ್ತರಿಸಿ ಸಬಾ ಮಾಡಿಕೊಂಡಿದ್ದಾರೆ ಎಂದು ನನಗೇನು ಗೊತ್ತು. ಮೀನಿನ ಬಂದರಿನಲ್ಲಿ ಹುಟ್ಟಿದವಳಿಗೆ ಸಬಾ ಎಂದರೆ ಬಂಗುಡೆ. "ಇಡಿ, ನಾತ ಬಂದ ದಿನ ಹೊರಗೆ ಎಸೀತೀನಿ" ಅಂದೆ. ಅವರು ಅನ್ನ ನೆತ್ತಿಗೇರುವಷ್ಟು ನಕ್ಕು, ಮರುದಿನ ಪೆಟ್ಟಿಗೆಯ ಮೇಲೆ ಕುಂಚದಲ್ಲಿ ಬಂಗುಡೆ ಎಂಬ ಅರ್ಥದ ಒಂದೇ ಅಕ್ಷರ ಬರೆದು ಅಂಟಿಸಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ.

ಕಂಪನಿಯಿಂದ ಬಂದ ಹೆಂಗಸು, ಅದರಲ್ಲಿರುವುದನ್ನೆಲ್ಲ ತಮ್ಮ ಕ್ಲೌಡಿಗೆ ಬಿಟ್ಟಿಯಾಗಿ ಹಾಕಿಕೊಡುತ್ತೇವೆ, ಆಮೇಲೆ ಇದನ್ನು ನಿಲ್ಲಿಸಿಬಿಡಬಹುದು ಎಂದಳು. ನಿಮ್ಮ ಮೇಲ್ ಕೂಡ ಇದರ ಮೂಲಕವೇ ಬರುವುದರಿಂದ ನಿಮ್ಮನ್ನು ಕೇಳದೆ ಏನೂ ಮಾಡಬಾರದು ಅನ್ನಿಸಿತು. ಈ ಕಾಗದವನ್ನೂ ಪೆಟ್ಟಿಗೆಯ ಮೂಲಕವೇ ಕಳಿಸಬಹುದಿತ್ತು. ಅದರ ವಿಷಯವನ್ನು ಅದರ ಕೈಯಲ್ಲೇ ಕೊಟ್ಟು ಕಳಿಸುವುದು ಸರಿ ಕಾಣಲಿಲ್ಲ.

ಫುಮಿಯೆ


ಸುಕುಮೊ
ಮೇ 2

ಅತ್ತಿಗೆಯವರಿಗೆ,

ಕಾಗದ ತಲುಪಿತು. ಮಳೆಗಾಲಕ್ಕೆ ಮುಂಚೆ, ಬಿರುಗಾಳಿ ಸುನಾಮಿಯ ಎಚ್ಚರಿಕೆ ಸಾರುವ ಊರಿನ ಧ್ವನಿವರ್ಧಕದ ಕಂಬಗಳನ್ನೆಲ್ಲ ಪರೀಕ್ಷೆ ಮಾಡಬೇಕು, ಹಾಗಾಗಿ ಉತ್ತರ ತಡವಾಯಿತು. ಅರವತ್ತೊಂದು ಕಂಬಗಳಿವೆ. ನಲವತ್ತು ಮುಗಿದಿವೆ.

ವಿಷಯ ಹೀಗಿದೆ. ಈಗ ನಿಮ್ಮ ಮನೆಗೆ ಇಂಟರ್ನೆಟ್‌ನಲ್ಲಿ ಸ್ವಂತ ವಿಳಾಸವಿದೆ. ಹೊರಗಿನವರು ಬರೆದದ್ದು ನೇರವಾಗಿ ನಿಮ್ಮ ಬಾಗಿಲಿಗೆ ಬರುತ್ತದೆ. ಹೊಸ ವ್ಯವಸ್ಥೆಯಲ್ಲಿ ಇಡೀ ಕಟ್ಟಡಕ್ಕೆ ಒಂದೇ ವಿಳಾಸ, ಅದೂ ಕಂಪನಿಯದು. ಒಳಗಿದ್ದವರು ಹೊರಗೆ ಹೋಗಬಹುದು. ಹೊರಗಿನವರು ಇಂಥ ಮನೆ ಎಂದು ಹುಡುಕಿಕೊಂಡು ಬರಲಾಗದು. ಜೂನ್ ಕೊನೆಗೆ ಪೆಟ್ಟಿಗೆಗೆ ಹೊರಗಿನ ದಾರಿ ಮುಚ್ಚುತ್ತದೆ.

ಕಂಪನಿಯ ಬಿಟ್ಟಿ ಜಾಗ ಬೇಡ. ಅಲ್ಲಿ ಇಟ್ಟದ್ದನ್ನು ಅವರ ಯಂತ್ರಗಳು ಓದುತ್ತವೆ. ಓದಿ ಏನು ಮಾಡುತ್ತವೆ ಎಂಬುದನ್ನು ಹೇಳುವ ಕಾಗದ ನೂರು ಪುಟವಿರುತ್ತದೆ, ಅದನ್ನು ಯಾರೂ ಓದಿರುವುದಿಲ್ಲ. ಅಣ್ಣ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದ, ಇನ್ನಷ್ಟು ಉದ್ದವಾಗಿ.

ಫೋಟೋಗಳ ನಕಲು ವಾರಕ್ಕೊಮ್ಮೆ ನನ್ನ ಮನೆಗೆ ಬರುತ್ತದೆ, ಆ ಚಿಂತೆ ಬೇಡ. ಮೇಲ್‌ನ ಕಾಗದಗಳ ನಕಲು ಬರುವುದಿಲ್ಲ. ಮನೆಯ ಕಾಗದ ಮನೆ ಬಿಟ್ಟು ಹೋಗಕೂಡದು ಎಂದು ಅಣ್ಣ ಮೊದಲೇ ಕಟ್ಟುಮಾಡಿದ್ದ. ಹಾಗೆ ಒಂದೇ ಕಡೆ ಇಡುವುದು ತಪ್ಪು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಆದ್ದರಿಂದ ಕಾಗದಗಳು ಇರುವುದು ಆ ಪೆಟ್ಟಿಗೆಯಲ್ಲಿ ಮಾತ್ರ.

ನನ್ನ ಮನೆಗೆ ಸ್ವಂತ ವಿಳಾಸವಿದೆ. ಪೆಟ್ಟಿಗೆಯನ್ನು ಕೊರಿಯರ್‌ನಲ್ಲಿ ಇಲ್ಲಿಗೆ ಕಳಿಸಿದರೆ ಮುಂದುವರಿಸಿಕೊಂಡು ಹೋಗಬಲ್ಲೆ. ನಿರ್ಧಾರ ನಿಮ್ಮದು.

ಕಿಯೊಹಾರು


ಹಚಿನೊಹೆ
ಮೇ 14

ಕಿಯೊಹಾರು ಅವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಓದಿದಾಗ ನಗು ಬಂತು. ನೀವು ಬರೆಯುವುದು ಸರಕಾರಿ ಕಚೇರಿಯ ಫಾರಂ ಭರ್ತಿ ಮಾಡಿದ ಹಾಗಿರುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ಊಟ ತಿಂಡಿ ಏನು, ಮೊಣಕಾಲು ನೋವು ಹೇಗಿದೆ ಎಂದು ಬರೆಯಲು ಫಾರಮಿನಲ್ಲಿ ಜಾಗ ಇರಲಿಲ್ಲವೇನೋ.

ಮೊನ್ನೆ ನಿಮ್ಮ ಅಣ್ಣನ ಶಾಲೆಯ ಗೆಳೆಯ ಇವಾಬುಚಿ ಅವರು ಊದುಬತ್ತಿ ಹಚ್ಚಲು ಬಂದಿದ್ದರು. ಚಹ ಕೊಟ್ಟೆ. ಫೋಟೋ ನೋಡುತ್ತಾ ಕೂತವರು, "ನಾಲ್ಕು ವರ್ಷ ಒಂದು ಸಾಲು ಬರೀಲಿಲ್ಲ ಇವ್ನು. ನನ್ನಿಂದ ಏನು ತಪ್ಪಾಯ್ತೋ, ಕೇಳಿಬಿಡಬೇಕು ಅಂತಿದ್ದೆ" ಅಂದರು. ನನಗೆ ಅರ್ಥವೇ ಆಗಲಿಲ್ಲ. ಇವರು ಪ್ರತಿ ಹೊಸ ವರ್ಷಕ್ಕೆ, ಆಮೇಲೆ ಆಗಾಗ, ಅವರಿಗೆ ಬರೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಟ್ಯಾಬ್ಲೆಟ್ ತೆರೆದು ತೋರಿಸಿದೆ. ಹನ್ನೊಂದು ಇದ್ದವು. ಇವಾಬುಚಿ ಅವರ ಮೇಲ್ ನೋಡಿಕೊಳ್ಳುವ ದೊಡ್ಡ ಕಂಪನಿ ಅವನ್ನೆಲ್ಲ ಕಸದ ಚೀಲಕ್ಕೆ ಹಾಕುತ್ತಿತ್ತಂತೆ, ಆ ಚೀಲ ತಿಂಗಳಿಗೊಮ್ಮೆ ತಾನೇ ಖಾಲಿಯಾಗುತ್ತದಂತೆ. ಅವರು ಕೋಟು ಕೂಡ ಬಿಚ್ಚದೆ ಹನ್ನೊಂದನ್ನೂ ಒಂದೊಂದಾಗಿ ಓದಿದರು. ಓದಿ, ಇನ್ನೊಂದು ಊದುಬತ್ತಿ ಹಚ್ಚಿ ಹೋದರು.

ಇವಾಬುಚಿಗೆ ನಾವು ಬೇಡವಾದೆವು ಎಂದು ಇವರು ಇಲ್ಲಿ ಹೇಳುತ್ತಿದ್ದರು. ಅವರು ಅಲ್ಲಿ ಅದನ್ನೇ ಹೇಳುತ್ತಿದ್ದರು. ಇದು ನಿಮಗೆ ಗೊತ್ತಿತ್ತೇ?

ಬಂಗುಡೆಯನ್ನು ಕಳಿಸುವ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ. ಒಂದು ಮಾತು ಕೇಳಬೇಕು. ನೀವು ಅಲ್ಲಿ ಕೂತು ಅದನ್ನು ನೋಡಿಕೊಳ್ಳುತ್ತೀರಲ್ಲ, ಒಳಗಿರುವುದು ನಿಮಗೆ ಕಾಣುತ್ತದೆಯೇ? ಸುಮ್ಮನೆ ಕೇಳಿದೆ.

ಫುಮಿಯೆ


ಸುಕುಮೊ
ಮೇ 22

ಅತ್ತಿಗೆಯವರಿಗೆ,

ಮೊಣಕಾಲು ಪರವಾಗಿಲ್ಲ. ಕಂಬ ಹತ್ತುವ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ನಾನು ಕೆಳಗೆ ನಿಂತು ಕೇಳುತ್ತೇನೆ. ಇಲ್ಲಿ ಬೆಳಿಗ್ಗೆ ಆರಕ್ಕೆ ಎಲ್ಲ ಕಂಬಗಳಲ್ಲೂ ಒಂದು ಹಾಡಿನ ಧಾಟಿ ಬರುತ್ತದೆ. ಯಾವ ಕಂಬ ಮಾತಾಡಲಿಲ್ಲ ಎಂದು ಊರಿನವರು ಫೋನ್ ಮಾಡಿ ಹೇಳುತ್ತಾರೆ. ಮಾತಾಡಿದ ಕಂಬದ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ.

ಇವಾಬುಚಿ ಅವರ ವಿಷಯ. ಹೌದು, ಮನೆಯೊಂದರಿಂದ ಹೊರಟ ಕಾಗದವನ್ನು ದೊಡ್ಡ ಕಂಪನಿಗಳು ನಂಬುವುದಿಲ್ಲ. ಕಳ್ಳರು ಕಳಿಸಿದ್ದೆಂದು ಪಕ್ಕಕ್ಕಿಡುತ್ತವೆ, ಕಳಿಸಿದವನಿಗೆ ತಿಳಿಸುವುದಿಲ್ಲ. ಅಣ್ಣನಿಗೆ ಒಮ್ಮೆ ಹೇಳಿದ್ದೆ. "ಬೇಕಾದವ್ರು ಕಸದಲ್ಲೂ ಹುಡುಕ್ತಾರೆ ಬಿಡೋ" ಅಂದ. ಮತ್ತೆ ಹೇಳಲಿಲ್ಲ. ಹೇಳಬೇಕಿತ್ತು.

ನೀವು ಕೇಳಿದ್ದಕ್ಕೆ ಉತ್ತರ. ಯಾರ ಹೆಸರಿನ ಮೇಲ್ ಚೀಲ ಎಷ್ಟು ದಪ್ಪವಾಗಿದೆ ಎಂಬುದು ನನಗೆ ಕಾಣುತ್ತದೆ, ಅದು ತುಂಬಿ ಯಂತ್ರ ನಿಂತುಹೋಗದಂತೆ ನೋಡಿಕೊಳ್ಳಲು. ಅಂಚೆಯವನ ಕೈಗೆ ತಿಳಿಯುವಷ್ಟು. ಅದಕ್ಕಿಂತ ಹೆಚ್ಚಿಲ್ಲ.

ಕಳಿಸುವುದಾದರೆ ಜೂನ್ ಇಪ್ಪತ್ತರ ಒಳಗೆ ಕಳಿಸಿದರೆ ಅನುಕೂಲ.

ಕಿಯೊಹಾರು


ಹಚಿನೊಹೆ
ಜೂನ್ 12

ಕಿಯೊಹಾರು ಅವರಿಗೆ,

ಮೂರು ವಾರ ಉತ್ತರ ಬರೆಯಲಿಲ್ಲ. ಸಮುದ್ರದಿಂದ ತಣ್ಣನೆಯ ಗಾಳಿ ಬೀಸುತ್ತಿದೆ, ಬಟ್ಟೆ ಒಣಗುತ್ತಿಲ್ಲ, ಅಂಥ ದಿನಗಳಲ್ಲಿ ಏನನ್ನೂ ನಿರ್ಧರಿಸಬಾರದು ಎಂದು ಸುಮ್ಮನಿದ್ದೆ. ಆದರೆ ದಿನ ನಿಲ್ಲುವುದಿಲ್ಲ. ಕಂಪನಿಯವರು ನಿನ್ನೆ ಬಂದು ಗೋಡೆಗೆ ಹೊಸ ತೂತು ಕೊರೆದು ಹೋದರು.

ಬಂಗುಡೆಯನ್ನು ಕಳಿಸುತ್ತೇನೆ.

ಎರಡು ಮಾತು ಕೊಡಬೇಕು. ಅದರಲ್ಲಿ ನಿಮ್ಮ ಅಣ್ಣನ ಹೆಸರಿನ ಚೀಲ ಇದೆಯಲ್ಲ, ಅದನ್ನು ತೆರೆಯಬೇಡಿ. ಅವರ ಹಳೆಯದೇನನ್ನೋ ಬಚ್ಚಿಡುತ್ತಿದ್ದೇನೆ ಎಂದುಕೊಳ್ಳಬೇಡಿ. ಹಾಗೇನಿಲ್ಲ.

ಇನ್ನೊಂದು, ಅದು ನಿಮ್ಮ ಮನೆಯಲ್ಲಿ ಶುರುವಾದ ಮೇಲೆ ನಾನು ಇಲ್ಲಿ ಟ್ಯಾಬ್ಲೆಟ್‌ನಲ್ಲಿ ಬರೆದದ್ದು ಮೊದಲಿನ ಹಾಗೆಯೇ ಹೋಗಿ ಸೇರುತ್ತದೆಯೇ? ಯಾರಿಗೆ ಎಂದು ಕೇಳಬೇಡಿ. ಸೇರುತ್ತದೆ, ಇಲ್ಲ, ಅಷ್ಟು ಹೇಳಿದರೆ ಸಾಕು. ನಿಮಗೆ ಬರೆಯಲು ಹೊತ್ತಿಲ್ಲದಿದ್ದರೆ ಉತ್ತರ ಬೇಡ, ಸೇರುತ್ತದೆ ಎಂದೇ ತಿಳಿದುಕೊಳ್ಳುತ್ತೇನೆ.

ಫುಮಿಯೆ


ಹಚಿನೊಹೆ
ಜೂನ್ 21

ಕಿಯೊಹಾರು ಅವರಿಗೆ,

ನಿಮ್ಮ ಉತ್ತರ ಬರಲಿಲ್ಲ, ಹಾಗಾಗಿ ಸೇರುತ್ತದೆ ಎಂದು ತಿಳಿದು ನಿನ್ನೆ ಕಳಿಸಿದೆ. ನಿಮ್ಮ ಅಣ್ಣ ಹೇಳಿಕೊಟ್ಟಿದ್ದಂತೆಯೇ ಮೊದಲು ಗುಂಡಿ ಒತ್ತಿ, ಹಸಿರು ದೀಪ ಆರುವವರೆಗೆ ಕಾದು, ಆಮೇಲೆ ತಂತಿ ಕಿತ್ತೆ. ಗುಂಯ್ ಎನ್ನುವುದು ನಿಂತ ಮೇಲೆ ಮನೆಯಲ್ಲಿ ರೆಫ್ರಿಜರೇಟರಿನ ಸದ್ದು ಇದೆ ಎಂದು ಗೊತ್ತಾಯಿತು. ಹದಿನೇಳು ವರ್ಷದಲ್ಲಿ ಅದನ್ನು ಕೇಳಿಯೇ ಇರಲಿಲ್ಲ.

ಪೆಟ್ಟಾಗಬಾರದಲ್ಲ, ಅಸಾಮಿಜು ಅವರ ಹೆಂಡತಿ ಒಂದು ದಪ್ಪ ಥರ್ಮಾಕೋಲ್ ಪೆಟ್ಟಿಗೆ ಕೊಟ್ಟರು. ಸುತ್ತ ಹಳೆಯ ಟವೆಲ್ ತುರುಕಿದೆ. ಕೊರಿಯರ್ ಕಚೇರಿಗೆ ನಾನೇ ತಳ್ಳುಗಾಡಿಯಲ್ಲಿ ಒಯ್ದೆ. ಚೀಟಿಯಲ್ಲಿ ಒಳಗೇನಿದೆ ಎಂಬ ಜಾಗದಲ್ಲಿ ಕೈ ತಾನಾಗಿ ಬಂಗುಡೆಯ ಅಕ್ಷರ ಬರೆಯಿತು. ಬರೆದ ಮೇಲೆ ಅಳಿಸಲು ಮನಸ್ಸಾಗಲಿಲ್ಲ, ಕೊನೆಯ ಸಲ ಅವರ ತಮಾಷೆ ನಡೆಯಲಿ ಅನ್ನಿಸಿತು. ಕೌಂಟರಿನ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ಈ ತಿಂಗಳಲ್ಲಿ ಎಲ್ಲಿಯ ಬಂಗುಡೆ? ಹೋದ ಸೀಸನ್ನಿಂದಾ?" ಅಂದಳು.

"ಅದಕ್ಕಿಂತ ಹಳೇದು" ಅಂದೆ.

"ದಾರೀಲಿ ಬಿಸಿಯಾದ್ರೆ?"

"ಬಿಸಿಯಾದ್ರೆ ಕೆಟ್ಟೇಹೋಗುತ್ತೆ. ನಮ್ಮೆಜಮಾನ್ರು ಯಾವಾಗ್ಲೂ ಅದನ್ನೇ ಹೇಳ್ತಿದ್ರು."

"ಚಿಂತೆ ಬಿಡಿ, ಸುಕುಮೊ ತನಕ ಕಲ್ಲಿನ ಹಾಗೆ ಗಟ್ಟಿಯಾಗಿ ಹೋಗುತ್ತೆ" ಎಂದು ನೀಲಿ ಚೀಟಿ ಅಂಟಿಸಿದಳು. ಎಷ್ಟೋ ದಿನದ ಮೇಲೆ ಹೊರಗಿನವರ ಜೊತೆ ಹೀಗೆ ತಮಾಷೆಯಾಗಿ ಮಾತಾಡಿದೆ. ದಾರಿಯುದ್ದಕ್ಕೂ ಇವರಿಗೆ ಹೇಳಬೇಕು ಎಂದುಕೊಂಡು ಬಂದೆ. ಶುರುವಾದ ಕೂಡಲೇ ಒಂದು ಕಾರ್ಡ್ ಹಾಕಿ.

ಫುಮಿಯೆ


ಸುಕುಮೊ
ಜೂನ್ 25
(ಅಂಚೆ ಕಾರ್ಡ್)

ಅತ್ತಿಗೆಯವರಿಗೆ,

ಪೆಟ್ಟಿಗೆ 23ರಂದು ತಲುಪಿತು. ಮೀನು ಸಾಗಿಸುವ ಫ್ರೀಜರ್ ಗಾಡಿಯಲ್ಲಿ ಬಂದಿತ್ತು. ನೀಲಿ ಚೀಟಿಯ ಅರ್ಥ ಅದು. ಡಿಸ್ಕಿನ ಮೇಲೆಲ್ಲ ಹಿಮ ಕಟ್ಟಿತ್ತು. ಯಂತ್ರ ಏಳಲಿಲ್ಲ. ಒಳಗಿನದು ಸಿಗುವ ಹಾಗೆ ಕಾಣುವುದಿಲ್ಲ. ವಿವರ ಆಮೇಲೆ ಬರೆಯುತ್ತೇನೆ. ತಪ್ಪು ನಿಮ್ಮದಲ್ಲ.

ಕಿಯೊಹಾರು


ಹಚಿನೊಹೆ
ಜುಲೈ 3

ಕಿಯೊಹಾರು ಅವರಿಗೆ,

ತಪ್ಪು ನನ್ನದಲ್ಲದೆ ಯಾರದು. ಒಂದು ಅಕ್ಷರ ಬರೆದು ಕಳಿಸಿದೆ. ಆ ಹೆಂಗಸು ನನ್ನೊಡನೆ ತಮಾಷೆ ಮಾಡುತ್ತಿದ್ದಾಳೆ ಎಂದು ನಾನು, ನಾನು ಮೀನಿನ ಮಾತಾಡುತ್ತಿದ್ದೇನೆ ಎಂದು ಅವಳು. ಇಬ್ಬರೂ ಸರಿಯಾಗಿಯೇ ಮಾತಾಡಿದೆವು.

ಈಗ ಹೇಳಿಬಿಡುತ್ತೇನೆ. ನಲವತ್ತೊಂಬತ್ತನೇ ದಿನದ ಕ್ರಿಯೆ ಆದ ಮಾರನೆಯ ಬೆಳಿಗ್ಗೆಯಿಂದ ನಾನು ಅವರಿಗೆ ಬರೆಯುತ್ತಿದ್ದೆ. ದಿನಾ ಬೆಳಿಗ್ಗೆ ಆರಕ್ಕೆ, ಅವರ ವಿಳಾಸಕ್ಕೆ. ಟ್ಯಾಬ್ಲೆಟ್‌ನಲ್ಲಿ ಕಳಿಸು ಎಂದು ಒತ್ತಿದರೆ ಚಪ್ಪಲಿ ಕಪಾಟಿನ ಮೇಲೆ ಪುಟ್ಟ ದೀಪ ಎರಡು ಸಲ ಮಿಣುಕುತ್ತಿತ್ತು. ತಲುಪಿತು ಎಂದು ಅರ್ಥ. ಹುಚ್ಚು ಎಂದುಕೊಳ್ಳುತ್ತೀರಿ ಎಂದೇ ಹೇಳಿರಲಿಲ್ಲ. ನೂರ ಎಪ್ಪತ್ತು ಚಿಲ್ಲರೆ ಆಗಿದ್ದವು. ಏನೇನು ಬರೆದೆ ಎಂದು ಕೇಳಿದರೆ ಒಂದೂ ನೆನಪಿಲ್ಲ. ಬರೆದು ಅವರ ಹತ್ತಿರ ಇಟ್ಟ ಮೇಲೆ ನಾನು ಯಾಕೆ ನೆನಪಿಟ್ಟುಕೊಳ್ಳಲಿ.

ಮೊದಲಿನ ಹಾಗೆ ಬರೆಯಲು ಹೊಸ ಪೆಟ್ಟಿಗೆ ಸಿಗಬಹುದು. ನನಗೆ ಬೇಕಾದದ್ದು ಅದಲ್ಲ, ಆ ಚಳಿಗಾಲ. ಅದು ನನ್ನ ತಲೆಯಲ್ಲಿಲ್ಲ, ಆ ಪೆಟ್ಟಿಗೆಯಲ್ಲಿ ಮಾತ್ರ ಇತ್ತು. ಏನಾದರೂ ಮಾಡಲು ಸಾಧ್ಯವೇ? ಫಾರಂ ಭರ್ತಿ ಮಾಡಿದ ಹಾಗೆ ಬೇಡ. ಇದ್ದದ್ದು ಇದ್ದ ಹಾಗೆ ಬರೆಯಿರಿ.

ಫುಮಿಯೆ


ಸುಕುಮೊ
ಜುಲೈ 18

ಅತ್ತಿಗೆಯವರಿಗೆ,

ಡಿಸ್ಕನ್ನು ತಾಕಾಮಾತ್ಸುವಿನ ಒಬ್ಬ ರಿಪೇರಿಯವರ ಹತ್ತಿರ ಒಯ್ದಿದ್ದೆ. ಸಣ್ಣ ಅಂಗಡಿ, ವಯಸ್ಸಾದವರು. ಕಿವಿಗೆ ಹಚ್ಚಿ ಕೇಳಿ, "ಒಳಗೆ ಕೆರೆದುಕೊಂಡಿದೆ" ಎಂದರು. ತಮ್ಮಿಂದಾಗದು, ಟೋಕಿಯೊದಲ್ಲಿ ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ನೋಡುವವರಿದ್ದಾರೆ, ಅಲ್ಲಿ ಅರ್ಧದಷ್ಟಾದರೂ ಸಿಗಬಹುದು ಎಂದರು.

ಒಂದು ಷರತ್ತಿದೆ. ಸಿಕ್ಕಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಅಲ್ಲಿನವರು ಹತ್ತರಲ್ಲಿ ಒಂದನ್ನು ತೆರೆದು ಓದಿ ನೋಡುತ್ತಾರೆ. ಅದಕ್ಕೆ ಮನೆಯವರು ಒಪ್ಪಿ ಸಹಿ ಹಾಕಬೇಕು. ಓದದೆ ಮಾಡಿಕೊಡಿ ಎಂದು ಫೋನಿನಲ್ಲಿ ಕೇಳಿದೆ. ಆಗುವುದಿಲ್ಲ ಎಂದರು. ಒಳ್ಳೆಯ ಜನವೇ ಇರಬೇಕು. ಸಹಿಯ ಹಾಳೆ ಇದರೊಂದಿಗೆ ಇಟ್ಟಿದ್ದೇನೆ.

ಹುಚ್ಚು ಎಂದು ನಾನು ಅಂದುಕೊಳ್ಳುತ್ತಿರಲಿಲ್ಲ.

ಕಿಯೊಹಾರು


ಹಚಿನೊಹೆ
ಜುಲೈ 24

ಕಿಯೊಹಾರು ಅವರಿಗೆ,

ಹಾಳೆಯನ್ನು ಸಹಿ ಹಾಕದೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಕಾಣದ ಯಾರೋ ಕೂತು ಹತ್ತರಲ್ಲಿ ಒಂದು ಬೆಳಗನ್ನು ಓದುವುದು ಬೇಡ. ಇಷ್ಟು ವರ್ಷ ಅವರು ಆ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಂಡದ್ದು ಹೊರಗಿನವರು ಓದಬಾರದೆಂದೇ, ನನ್ನ ಕಡೆಯಿಂದ ಆ ಕಟ್ಟು ಮುರಿಯುವುದು ಬೇಡ. ಡಿಸ್ಕನ್ನು ನೀವೇ ಇಟ್ಟುಕೊಳ್ಳಿ, ಇಲ್ಲವೇ ಎಸೆಯಿರಿ. ಮುಗಿಯಿತು.

ಫುಮಿಯೆ


ಸುಕುಮೊ
ಆಗಸ್ಟ್ 20

ಅತ್ತಿಗೆಯವರಿಗೆ,

ಪಿತೃಗಳನ್ನು ಕಳಿಸಿಕೊಡುವ ಬೆಂಕಿ ಈ ಸಲ ನಾನೂ ಹಚ್ಚಿದೆ. ಇಲ್ಲಿ ಮನೆಯ ಮುಂದೆ ಒಬ್ಬನೇ ಕೂತು ಹಚ್ಚುವವರು ಕಡಿಮೆ. ಪಕ್ಕದ ಮನೆಯ ಒಕಾಗಾಮಿ ಅಜ್ಜಿ ಬೇಲಿಯ ಆಚೆಯಿಂದ, "ಒಬ್ನಿಗೇ ಇಷ್ಟು ಬೆಂಕೀನಾ, ಮೀನು ಗೀನು ಸುಡ್ತೀಯೇನಪ್ಪ" ಎಂದು ಕೇಳಿದಳು. ನಾನು ಒಳಗೆ ಬಂದು ಈ ಕಾಗದ ಶುರು ಮಾಡಿದೆ. ಇದು ನಾಲ್ಕನೆಯ ಪ್ರತಿ.

ಮೊದಲನೆಯದು. ಪೆಟ್ಟಿಗೆಯನ್ನು ಕೊಂದದ್ದು ಹಿಮವಲ್ಲ. ಅಷ್ಟು ತಣ್ಣಗಾದದ್ದನ್ನು ಒಂದೆರಡು ದಿನ ಹಾಗೇ ಬಿಟ್ಟು, ನೀರೆಲ್ಲ ಆರಿದ ಮೇಲೆ ಶುರು ಮಾಡಿದ್ದರೆ ಅದು ಏಳುತ್ತಿತ್ತು. ಈ ಕೆಲಸ ಮಾಡುವ ಯಾರಿಗಾದರೂ ಗೊತ್ತಿರುವ ಮಾತು. ಇಲ್ಲಿ ಮಳೆಗಾಲ, ಗೋಡೆಯೇ ಬೆವರುವ ಕಾಲ. ನಾನು ಇಪ್ಪತ್ತು ನಿಮಿಷಕ್ಕೆ ಗುಂಡಿ ಒತ್ತಿದೆ. ಕೆರೆದ ಸದ್ದು ನನ್ನ ಎದುರಿಗೇ ಕೇಳಿತು.

ಯಾಕೆ ಕಾಯಲಿಲ್ಲ ಎಂದರೆ, ಆಗಲೇ ಮೂರು ಬೆಳಗು ಕಳೆದಿದ್ದವು. ಅಣ್ಣನ ಹೆಸರಿನ ಚೀಲ ಡಿಸೆಂಬರಿನ ಕೊನೆಯಿಂದ ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ದಪ್ಪವಾಗುತ್ತಿತ್ತು. ಆರು ಗಂಟೆ ಕಳೆದು ಐದು ನಿಮಿಷಕ್ಕೆ, ಹತ್ತು ನಿಮಿಷಕ್ಕೆ. ಇಲ್ಲಿ ಕಂಬಗಳ ಧಾಟಿ ನಿಂತ ಮೇಲೆ ನಾನು ಅದನ್ನು ನೋಡುತ್ತಿದ್ದೆ. ಯಾರು ಬರೆಯುತ್ತಿದ್ದಾರೆ ಎಂದು ತಿಳಿಯಲು ಬುದ್ಧಿವಂತಿಕೆ ಬೇಕಿರಲಿಲ್ಲ. ಅತ್ತಿಗೆ ಎದ್ದಿದ್ದಾರೆ ಎಂದುಕೊಂಡು ನಾನೂ ಅನ್ನಕ್ಕಿಡುತ್ತಿದ್ದೆ. ನನ್ನ ದಿನ ಹಾಗೆ ಶುರುವಾಗುತ್ತಿತ್ತು. ಬೇರೆ ಯಾವುದರಿಂದಲೂ ಶುರುವಾಗುತ್ತಿರಲಿಲ್ಲ.

ಎರಡನೆಯದು, ಇದು ದೊಡ್ಡದು. ಪೆಟ್ಟಿಗೆಯನ್ನು ನೀವು ಕಳಿಸಬೇಕಾಗಿಯೇ ಇರಲಿಲ್ಲ. ಹೊರಗಿನ ದಾರಿ ಮುಚ್ಚುತ್ತದೆ ಎಂದು ಬರೆದದ್ದು ನಿಜ. ಆದರೆ ನಿಮ್ಮ ಟ್ಯಾಬ್ಲೆಟ್‌ನಿಂದ ಚಪ್ಪಲಿ ಕಪಾಟಿನವರೆಗೆ ಹೋಗುವ ಕಾಗದಕ್ಕೆ ಹೊರಗಿನ ದಾರಿ ಯಾಕೆ. ಅದು ಮನೆಯೊಳಗಿನ ಮಾತು. ಕಂಪನಿ ಬಂದರೂ, ಕಟ್ಟಡಕ್ಕೆಲ್ಲ ಒಂದೇ ತಂತಿ ಆದರೂ, ನೀವು ಬರೆಯುತ್ತಲೇ ಇರಬಹುದಿತ್ತು, ದೀಪ ಮಿಣುಕುತ್ತಲೇ ಇರುತ್ತಿತ್ತು. ಹೊರಗಿನ ದಾರಿ ಬೇಕಾಗಿದ್ದದ್ದು ನನಗೆ. ದಾರಿ ಮುಚ್ಚಿದರೆ ನನಗೆ ಕಾಣುವುದು ನಿಲ್ಲುತ್ತಿತ್ತು. ನನ್ನ ಮೇಲ್ ವಿಳಾಸ ಉಳಿಯಲಿ ಎಂದು ಕೇಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ವಿಳಾಸಕ್ಕೆ ಬರುವುದು ಬೋಲ್ಟು ಮಾರುವವರ ಪಟ್ಟಿ ಮಾತ್ರ. ಜೂನ್ 12ರ ನಿಮ್ಮ ಪ್ರಶ್ನೆಗೆ ಉತ್ತರ ಬರೆಯದಿದ್ದದ್ದೂ ಇದಕ್ಕೇ. ಕಳಿಸದಿದ್ದರೂ ಸೇರುತ್ತದೆ ಎನ್ನುವುದನ್ನು ಮುಚ್ಚಿಟ್ಟು, ಸೇರುತ್ತದೆ ಎಂದರೆ ಅರ್ಧ ಸುಳ್ಳಾಗುತ್ತಿತ್ತು.

ಮೂರನೆಯದು. ಅಂಚೆಯವನಷ್ಟೇ ಎಂದು ಬರೆದಿದ್ದೆ. ಅದೂ ಸುಳ್ಳು. ಫೆಬ್ರವರಿಯಲ್ಲಿ ಮೂರು ದಿನ ಚೀಲ ಬೆಳೆಯಲಿಲ್ಲ. ಫೋನ್ ಮಾಡಬಹುದಿತ್ತು. ಮಾಡಿದ್ದರೆ, ಇವತ್ತೇ ಯಾಕೆ ಮಾಡಿದಿರಿ ಎಂದು ಕೇಳುತ್ತಿದ್ದಿರಿ. ನಾಲ್ಕನೆಯ ಬೆಳಿಗ್ಗೆ ಅದು ಮತ್ತೆ ಬೆಳೆದಾಗ ನಾನು ತೆರೆದೆ. ನಿಮಗೆ ಏನೋ ಆಗಿದೆ ಎಂಬ ಭಯದಿಂದ, ನಿಮ್ಮ ಒಳ್ಳೆಯದಕ್ಕೇ. ದೊಡ್ಡ ಕಂಪನಿಗಳು ಹೇಳುವುದೂ ಇದೇ ಮಾತನ್ನು. ಒಂದೇ ಒಂದನ್ನು ಓದಿದೆ, ಮತ್ತೆ ಮುಟ್ಟಲಿಲ್ಲ. ಆದರೆ ಆ ಒಂದು ಈಗ ಬೇರೆಲ್ಲೂ ಇಲ್ಲ, ನನ್ನ ತಲೆಯಲ್ಲಿ ಮಾತ್ರ ಇದೆ. ಹೇಳದೆ ಇಟ್ಟುಕೊಂಡರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ, ನಿಮ್ಮ ಚಳಿಗಾಲದಲ್ಲಿ ಉಳಿದಿರುವ ಒಂದೇ ಒಂದು ದಿನ ನನ್ನ ಹತ್ತಿರ ಉಳಿದುಬಿಡುತ್ತದೆ. ಆದ್ದರಿಂದ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಒಂದು ಮಾತೂ ಬದಲಾಗಿಲ್ಲ ಎಂದುಕೊಂಡಿದ್ದೇನೆ.

ಇದಾದ ಮೇಲೆ ನೀವು ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ಕಿಯೊಹಾರು


(ಜೊತೆಯಲ್ಲಿದ್ದ ಹಾಳೆ)

ಮೂರು ದಿನ ಬರೆಯಲಿಲ್ಲ, ಕೆನ್ನೆ ಊದಿಕೊಂಡು ಜ್ವರ ಬಂದಿತ್ತು. ಕಥೆ ಕೇಳಿ. ಹೋದ ವಾರ ನಿಮ್ಮ ಹಲ್ಲಿನ ಡಾಕ್ಟರ ಕಡೆಯಿಂದ ಫೋನ್ ಬಂತು. ತೊಮಾಬೆಚಿ ಸೆಯಿಗೊ ಅವರು ಆರು ತಿಂಗಳ ತಪಾಸಣೆಗೆ ಬರಬೇಕು, ಗುರುವಾರ ಹತ್ತೂವರೆ ಆಗುತ್ತದೆಯೇ ಎಂದರು. ಅವರು ಇಲ್ಲ ಎಂದು ಹೇಳಲು ಬಾಯಿ ತೆರೆದೆ, ಬರ್ತಾರೆ ಎಂದು ಬಂತು. ಆಮೇಲೆ ಬರುವುದಿಲ್ಲ ಎಂದು ಹೇಳಿದರೆ ನಿಮ್ಮ ಮಾತು ತಪ್ಪಿದಂತಾಗುತ್ತದಲ್ಲ. ನಾನೇ ಹೋದೆ. ನರ್ಸು ಚೀಟಿ ನೋಡಿ, ನನ್ನನ್ನು ನೋಡಿ, "ಸೆಯಿಗೊ ಅವ್ರು ಅಂದ್ರೆ ನೀವೇನಾ" ಅಂದಳು. ಹೌದು ಎಂದೆ. ಅವಳು ನನ್ನನ್ನು ಒಳಗೆ ಕರೆದು ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿದಳು. ನಿಮ್ಮ ಕುರ್ಚಿಯಲ್ಲಿ ಕೂತು ಬಾಯಿ ಕಳೆದೆ. ನನ್ನದೇ ಬಲಗಡೆಯ ದವಡೆ ಹಲ್ಲು ಹಾಳಾಗಿತ್ತು, ಅವತ್ತೇ ಕಿತ್ತರು. ನೀವು ಹೋದದ್ದು ತಿಳಿದ ಮೇಲೆ, ನಿಮ್ಮ ಹಲ್ಲು ಕೊನೆಯವರೆಗೂ ಚೆನ್ನಾಗಿದ್ದವು ಎಂದು ಡಾಕ್ಟರು ಹೇಳಿದರು. ಮುಂದಿನ ತಪಾಸಣೆ ಆಗಸ್ಟಿನಲ್ಲಿ. ಇವತ್ತು ಗಂಜಿ ಕುಡಿದೆ. ತುಂಬ ದಿನವಾಯಿತು, ನೀವೂ ಒಂದು ಸಾಲು ಬರೆಯಬಾರದೇ.


ಹಚಿನೊಹೆ
ಸೆಪ್ಟೆಂಬರ್ 10

ಕಿಯೊಹಾರು,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಮೊದಲ ವಾರ ಇನ್ನು ಬರೆಯುವುದೇ ಇಲ್ಲ ಎಂದುಕೊಂಡಿದ್ದೆ. ಎರಡನೇ ವಾರವೂ ಹಾಗೇ ಅಂದುಕೊಂಡೆ, ಆದರೆ ಅಂದುಕೊಂಡದ್ದನ್ನು ಯಾರಿಗೂ ಹೇಳುವಂತಿರಲಿಲ್ಲ.

ತೆರೆದು ಓದಿದ್ದಕ್ಕೆ ಬಂದ ಸಿಟ್ಟು ಬೇಗ ಇಳಿಯಿತು. ಬಂಗುಡೆ ಇಲ್ಲೇ ಇರಬಹುದಿತ್ತು ಎಂಬುದು ಇಳಿಯುತ್ತಿಲ್ಲ. ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತದೆ. ಹೊಸ ತಂತಿಯಲ್ಲಿ ಟ್ಯಾಬ್ಲೆಟ್ ಬಹಳ ಬೇಗ ತೆರೆದುಕೊಳ್ಳುತ್ತದೆ. ಏನು ಬೇಕು ಎಂದು ಅದೇ ಕೇಳುತ್ತದೆ. ಏನೂ ಬೇಡ ಎಂದು ಮುಚ್ಚುತ್ತೇನೆ. ಎಲ್ಲ ಮರೆತೆ ಎಂದು ನಾನು ಮುಂದೆ ಯಾವತ್ತಾದರೂ ಬರೆದರೆ ನಂಬಬೇಡ.

ನೀನು ಬರೆದುಕೊಟ್ಟ ಹಾಳೆಯನ್ನು ದಿನಾ ಓದುತ್ತಿದ್ದೇನೆ. ಹಲ್ಲು ಎಡಗಡೆಯದು, ಬಲಗಡೆಯದಲ್ಲ. ಉಳಿದದ್ದೆಲ್ಲ ಸರಿ. ನರ್ಸಿನ ಮಾತು ನನಗೇ ಮರೆತುಹೋಗಿತ್ತು, ಓದಿದಾಗ ಅವಳ ಮುಖ ನೆನಪಾಯಿತು. ಆ ಒಂದು ದಿನ ನನಗೆ ಹಿಂದಕ್ಕೆ ಬಂದಿದೆ. ಅದಕ್ಕೆ ನಿನಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಆದರೆ ಕೊನೆಯ ಸಾಲು ನನ್ನದಲ್ಲ. ಅವರಿಗೆ ನಾನು ಒಂದು ದಿನವೂ ಹಾಗೆ ಬರೆದಿಲ್ಲ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದದ್ದು, ಬರಲಿ ಎಂಬ ಆಸೆಯೂ ಇರಲಿಲ್ಲ. ಅವರು ಬರೆದಿದ್ದರೆ ಹೆದರಿಕೊಳ್ಳುತ್ತಿದ್ದೆ. ನೀನು ಬೇಕೆಂದೇ ಸೇರಿಸಿದೆ ಎಂದು ನನಗೆ ಅನ್ನಿಸುವುದಿಲ್ಲ. ಆರು ತಿಂಗಳು ತಲೆಯಲ್ಲಿ ಇಟ್ಟುಕೊಂಡು ಓಡಾಡುವಾಗ ಎಲ್ಲಿಂದಲೋ ಬಂದು ಅಂಟಿಕೊಂಡಿರಬೇಕು.

ಹೊಲಿಗೆಯ ಕತ್ತರಿಯಿಂದ ಆ ಸಾಲನ್ನು ಕತ್ತರಿಸಿದೆ. ಮೇಲಿನದು ನನ್ನ ಹತ್ತಿರ ಇರುತ್ತದೆ. ಚೂರನ್ನು ಇದರೊಳಗೆ ಇಟ್ಟಿದ್ದೇನೆ. ಅದು ನಿನ್ನದು, ಒಂದು ಸಾಲಿಗೆ ಕಾಯುತ್ತಿದ್ದವನು ನೀನು. ಯಾರಿಗೆ ಎಂದು ಮೇಲೆ ಹೆಸರು ಬರೆದು, ಅವರಿಗೇ ಕಳಿಸು.

ಫುಮಿಯೆ